ಕರಣದ ಕಲಹವೂ ಭೃತ್ಯಾಚಾರವೂ



ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರಗಳೆಂಬ ಪಂಚಾಚಾರಗಳು ವೀರಶೈವ ಸದ್ಭಕ್ತನ ಬಾಳಿಗೆ ಐದು ಪ್ರಾಣಗಳಂತಿರುವುವಷ್ಟೆ. ಇವುಗಳಲ್ಲಿ ಕಡೆಯ ಎರಡನ್ನು ಜೊತೆಗಿಟ್ಟು ವಿಚಾರಿಸುವುದು ಇಂದಿನ ಲೇಖನದ ಉದ್ದೇಶವು. ಧರ್ಮಕ್ಕೂ ಗಣಸಮೂಹಕ್ಕೂ ಕುಂದು ಬಂದೊದಗಿದಾಗ ಸಹಿಸದೆ ಎದ್ದು ನಿಲ್ಲುವುದು ಗಣಾಚಾರ. ಶಿವಭಕ್ತರೆಲ್ಲರೂ ನನಗಿಂತ ಹಿರಿಯರು, ನಾನು ಅವರೆಲ್ಲರ ಭೃತ್ಯನೆಂದು ಬಾಗುವುದು ಭೃತ್ಯಾಚಾರ. ಎಲ್ಲಿ ನಿಲ್ಲಬೇಕು, ಎಲ್ಲಿ ಬಾಗಬೇಕು ಎಂಬ ವಿವೇಕವು ತಪ್ಪಿದರೆ, ಬಾಗಬೇಕಾದಲ್ಲಿ ಸೆಟೆದು ನಿಂತು, ನಿಲ್ಲಬೇಕಾದಲ್ಲಿ ತಲೆತಗ್ಗಿಸಿ ಹೋಗುವೆವು. ಈ ವಿವೇಕದ ಪರೀಕ್ಷೆಯು ಇಂದು ನಮ್ಮ ಮೇಜಿನ ಮೇಲಿರುವ ಗಣಕಯಂತ್ರದ ಮುಂದೆಯೂ, ಅಂಗೈಯಲ್ಲಿರುವ ಮೊಬೈಲಿನ ಮುಂದೆಯೂ ದಿನಂಪ್ರತಿ ನಡೆಯುತ್ತಲಿದೆ.

ಇದು ಕೇವಲ ಲೌಕಿಕ ವಿಷಯವೆಂದು ಹಿರಿಯರು ಬೇಸರಪಡಬಾರದು. ಶರಣರು ತಮ್ಮ ತಮ್ಮ ಕಾಯಕದ ಸಲಕರಣೆಗಳ ನಡುವೆಯೇ ನಿಂತು ಪರತತ್ತ್ವವನ್ನು ನುಡಿದವರು. ಅಂಬಿಗರ ಚೌಡಯ್ಯನವರ ಕೈಯಲ್ಲಿ ಹುಟ್ಟು ಇದ್ದಿತು. ಮಡಿವಾಳ ಮಾಚಿದೇವರ ಮುಂದೆ ಒಗೆಯುವ ಕಲ್ಲು ಇದ್ದಿತು. ನುಲಿಯ ಚಂದಯ್ಯನವರ ಕೈಯಲ್ಲಿ ಹೊಸೆಯುವ ಹುರಿ ಇದ್ದಿತು. ಸಲಕರಣೆಯು ಅವರಿಗೆ ಕಾಯಕದ ದಾರಿಯಾಗಿದ್ದಿತೇ ಹೊರತು ಗರ್ವಕ್ಕೆ ಕಾರಣವಾಗಿರಲಿಲ್ಲ. ದಡ ಸೇರಿದವನು ಹುಟ್ಟು ಯಾವ ಮರದ್ದೆಂದು ಜಗಳವಾಡುತ್ತ ಹೊಳೆಯಲ್ಲಿಯೇ ನಿಲ್ಲುವುದುಂಟೇ?

ಆದರೆ ನಾವು ಹಾಗೆ ನಿಂತೆವು. ನಮ್ಮ ಶ್ರೀಮಠದಲ್ಲಿಯೇ ನಡೆದ ಸಂಗತಿಯನ್ನು ಹೇಳುವೆನು. ಲಿಂಗೈಕ್ಯ ಹಿರಿಯ ಶ್ರೀಗಳವರು ಶ್ರಾವಣಮಾಸಗಳಲ್ಲಿ ಅಪ್ಪಣೆ ಕೊಡಿಸಿದ ಪ್ರವಚನಗಳನ್ನು ನಿವೃತ್ತ ಉಪಾಧ್ಯಾಯರೊಬ್ಬರು ಭಕ್ತಿಯಿಂದ ಕೇಳಿ ಬರೆದುಕೊಂಡು, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇರಿಸಿದ್ದರು. ಬರೆದುಕೊಂಡ ಪುಸ್ತಕಗಳು ಮುಂದೆ ಗೆದ್ದಲಿಗೆ ತುತ್ತಾದವು. ಹಳೆಯ ಯಂತ್ರವು ಕೆಟ್ಟು ಹೊಸದು ಬಂದಾಗ ಆ ಕಡತಗಳನ್ನು ತೆರೆದು ನೋಡಿದರೆ, ಕನ್ನಡದ ಒಂದಕ್ಷರವೂ ಕಾಣಲಿಲ್ಲ; ರೋಮನ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಪುಟ ತುಂಬ ಚೆಲ್ಲಿದ್ದುವು. ಯಂತ್ರವಿದ್ಯೆಯನ್ನು ಬಲ್ಲ ತರುಣ ಭಕ್ತನೊಬ್ಬನು, ಅವರ ಶಿಷ್ಯನೇ, ದುಡುಕಿ ನುಡಿದನು: “ಗುರುಗಳೇ, ಆ ಹಳೆಯ ತಂತ್ರಾಂಶವನ್ನು ನೆಚ್ಚಿ ತಾವು ಇದನ್ನೆಲ್ಲ ಹಾಳುಮಾಡಿದಿರಿ.” ಅವರಿಗೆ ಕೋಪ ಬಂದಿತು. “ತಮ್ಮಾ, ನೀನು ಅಕ್ಷರ ತಿದ್ದುವ ಮೊದಲೇ ಯಂತ್ರಕ್ಕೆ ಕನ್ನಡ ಕಲಿಸಿದವರು ನಾವು. ಕೆಡಿಸಿದ್ದು ನಿನ್ನ ಹೊಸ ಯಂತ್ರ.”

ಮಾತಿಗೆ ಮಾತು ಬೆಳೆಯಿತು. ಯಾವ ತಂತ್ರಾಂಶ ಮೇಲು, ಯಾವ ಕೀಲಿಮಣೆ ಮೇಲು ಎಂಬ ವಾದವು ಮಠದ ಜಗಲಿಗೆ ಬಂದಿತು. ಭಕ್ತರಲ್ಲಿ ಎರಡು ಪಕ್ಷಗಳಾದವು; ದಾಸೋಹದ ಪಂಕ್ತಿಯಲ್ಲಿ ಸಹ ಬೇರೆ ಬೇರೆ ಕುಳಿತರು. ಈ ಲೇಖಕನೂ ವಯಸ್ಸಿನ ಅಭಿಮಾನದಿಂದ ಹಿರಿಯರ ಪಕ್ಷ ವಹಿಸಿ, ಆ ತರುಣನನ್ನು ಕುರಿತು ಆಡಬಾರದ ಮಾತನ್ನಾಡಿದವನೇ. ಹನ್ನೊಂದು ತಿಂಗಳು ಕಳೆದವು. ಅಷ್ಟೂ ಕಾಲ ಹಿರಿಯ ಶ್ರೀಗಳವರ ವಾಣಿಯು ಚಿಹ್ನೆಗಳ ರಾಶಿಯಲ್ಲಿ ಹೂತುಕೊಂಡೇ ಇದ್ದಿತು. ಅದರ ಚಿಂತೆ ಯಾರಿಗೂ ಬರಲಿಲ್ಲ.

ಇಂಥ ಕಲಹವು ನಮ್ಮಲ್ಲಿ ಮಾತ್ರ ಹುಟ್ಟಿದುದಲ್ಲ. ಗಣಕಯಂತ್ರಗಳ ತವರಾದ ಅಮೆರಿಕದಲ್ಲಿ 1976ರ ಸುಮಾರಿಗೆ ‘ವಿಐ’ ಎಂದೂ ‘ಈಮ್ಯಾಕ್ಸ್’ ಎಂದೂ ಬರಹವನ್ನು ತಿದ್ದುವ ಎರಡು ತಂತ್ರಾಂಶಗಳು ಹುಟ್ಟಿದವು. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ಅಲ್ಲಿಯ ವಿದ್ವಾಂಸರು ದಶಕಗಳ ಕಾಲ ವಾದಿಸಿದರು. ಇನ್ನೊಂದು ಜಗಳ ಇದಕ್ಕಿಂತಲೂ ಸೂಕ್ಷ್ಮವಾದುದು. ದೊಡ್ಡ ಸಂಖ್ಯೆಯೊಂದನ್ನು ಯಂತ್ರವು ತುಂಡುಗಳಾಗಿ ಇರಿಸುವಾಗ ದೊಡ್ಡ ಕೊನೆಯನ್ನು ಮೊದಲು ಇರಿಸಬೇಕೋ ಚಿಕ್ಕ ಕೊನೆಯನ್ನು ಮೊದಲು ಇರಿಸಬೇಕೋ ಎಂಬುದು ಆ ವಾದ. ಡ್ಯಾನಿ ಕೋಹನ್ ಎಂಬ ಗಣಕವಿಜ್ಞಾನಿಯು 1980ರ ಏಪ್ರಿಲ್ 1ರಂದು ಇದನ್ನು ಕುರಿತು ಒಂದು ಪ್ರಬಂಧವನ್ನು ಬರೆದು, ಇಂಥ ಜಗಳಗಳನ್ನು ಧರ್ಮಯುದ್ಧವೆಂದೇ ಕರೆದು, ಶಾಂತಿಗಾಗಿ ಬಿನ್ನವಿಸಿದನು. 1726ರಲ್ಲಿ ಪ್ರಕಟವಾದ ಸ್ವಿಫ್ಟನ ‘ಗಲಿವರನ ಪ್ರವಾಸಗಳು’ ಎಂಬ ಕೃತಿಯಲ್ಲಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂಬುದಕ್ಕಾಗಿ ಕುಬ್ಜರ ಎರಡು ದೇಶಗಳು ಕಾದಾಡುತ್ತವೆ; ಪಕ್ಷಗಳ ಹೆಸರನ್ನು ಕೋಹನ್ನನು ಅಲ್ಲಿಂದಲೇ ಆಯ್ದುಕೊಂಡನು. ಅವನ ಪ್ರಬಂಧದ ತಾತ್ಪರ್ಯವಿಷ್ಟೆ: ಯಾವ ಕ್ರಮವೆಂಬುದು ಮುಖ್ಯವಲ್ಲ, ಎಲ್ಲರೂ ಒಂದು ಕ್ರಮಕ್ಕೆ ಒಪ್ಪುವುದು ಮುಖ್ಯ.

ಅಚ್ಚರಿಯೆಂದರೆ ಆ ಜಗಳವು ಬಗೆಹರಿದ ರೀತಿ. ಇಂದು ನಾವು ಬಳಸುವ ಯಂತ್ರಗಳಲ್ಲಿ ಬಹುಪಾಲು ತಮ್ಮೊಳಗೆ ಚಿಕ್ಕ ಕೊನೆಯನ್ನೇ ಮೊದಲು ಇರಿಸುತ್ತವೆ. ಆದರೆ ಅಂತರಜಾಲದ ಮೂಲ ನಿಯಮಗಳಲ್ಲಿ ದೊಡ್ಡ ಕೊನೆಯೇ ಮೊದಲು. ಯಂತ್ರವು ಮನೆಯೊಳಗೆ ತನ್ನ ರೂಢಿಯನ್ನು ಉಳಿಸಿಕೊಂಡು, ಬೀದಿಗಿಳಿದಾಗ ಎಲ್ಲರ ಒಪ್ಪಂದಕ್ಕೆ ತಲೆಬಾಗುತ್ತದೆ. ಜಡವಾದ ಯಂತ್ರವು ಕಲಿತ ಈ ಭೃತ್ಯಾಚಾರವನ್ನು ಚೇತನರಾದ ನಾವು ಕಲಿಯಬಾರದೇ?

ಕನ್ನಡದ ವಿಷಯಕ್ಕೆ ಇದನ್ನು ಅನ್ವಯಿಸಿ ನೋಡೋಣ. ಯಂತ್ರಕ್ಕೆ ಅಕ್ಷರವು ತಿಳಿಯದು. ಅದು ಬಲ್ಲುದು ಸಂಖ್ಯೆಯನ್ನು ಮಾತ್ರ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕು. ಯಂತ್ರಗಳಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿಲ್ಲದ ಕಾಲದಲ್ಲಿ ನಮ್ಮವರು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡದ ರೂಪಗಳನ್ನು ಕೂಡಿಸಿದರು. ಆ ಫಾಂಟು ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಬರಿಯ ರೋಮನ್ ಚಿಹ್ನೆ. ಅದು ಅವರ ದೋಷವಲ್ಲ, ಕಾಲದ ಕೊರತೆ. ಕೆ. ಪಿ. ರಾಯರು ಧ್ವನಿಗನುಗುಣವಾದ ಕೀಲಿಮಣೆಯ ವಿನ್ಯಾಸವನ್ನು ರಚಿಸಿದರು, ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ವನ್ನು ಹೊರತಂದರು, ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು. ಈ ಮಹನೀಯರ ಶ್ರಮವಿಲ್ಲದಿದ್ದರೆ ಕನ್ನಡವು ಯಂತ್ರದ ಹೊಸ್ತಿಲನ್ನು ದಾಟುವುದು ಇನ್ನೂ ತಡವಾಗುತ್ತಿದ್ದಿತು. ಇತ್ತ 1991ರಲ್ಲಿ ಯೂನಿಕೋಡ್ ಎಂಬ ಜಾಗತಿಕ ಒಪ್ಪಂದವು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಸಾಮಾನ್ಯರ ಯಂತ್ರಗಳಿಗೆ ಅದು ಇಳಿದು ಬರಲು ಹಲವು ವರ್ಷಗಳು ಹಿಡಿದವು. ಅದರಲ್ಲಿ ‘ಕ’ ಎಂಬ ಅಕ್ಷರದ ಸಂಖ್ಯೆ 3221. ಇದು ಧಾರವಾಡದಲ್ಲಿಯೂ 3221, ದೇಶಾಂತರದಲ್ಲಿಯೂ 3221.

ಇಲ್ಲಿ ಒಂದು ಸೂಕ್ಷ್ಮವನ್ನು ಮನಗಾಣಬೇಕು. ರಾಯರ ವಿನ್ಯಾಸದಲ್ಲಿ ಬೆರಳಾಡಿಸಿದರೂ, ಎಡಗೈಗೆ ಸ್ವರಗಳನ್ನೂ ಬಲಗೈಗೆ ವ್ಯಂಜನಗಳನ್ನೂ ಕೊಟ್ಟ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಬೆರಳಾಡಿಸಿದರೂ, ಮೊಬೈಲಿಗೆ ಬಾಯಲ್ಲಿಯೇ ಹೇಳಿ ಬರೆಸಿದರೂ, ಯೂನಿಕೋಡಿನಲ್ಲಿ ಉಳಿಯುವುದು ಅದೇ 3221. ಕೀಲಿಮಣೆಯು ಅವರವರ ಕೈಯ ರೂಢಿ; ಅಲ್ಲಿ ಜಗಳಕ್ಕೆ ಆಸ್ಪದವೇ ಇಲ್ಲ. ಸಂಕೇತವಾದರೋ ಸಮಾಜದ ಒಪ್ಪಂದ. ಅಲ್ಲಿ ಸ್ವಂತ ರೂಢಿಯನ್ನು ಬಿಟ್ಟುಕೊಡಬೇಕು. ನಮ್ಮ ಮಠದಲ್ಲಿ ಆದದ್ದೇನೆಂದರೆ, ಬಿಟ್ಟುಕೊಡಬೇಕಾದಲ್ಲಿ ಹಿರಿಯರು ಬಿಟ್ಟುಕೊಡಲಿಲ್ಲ. ತನ್ನದಲ್ಲದ ಕೈಯ ರೂಢಿಯನ್ನು ತರುಣನು ಹಳಿಯದೆ ಬಿಡಲಿಲ್ಲ. ಇಬ್ಬರೂ ತಮ್ಮದು ಗಣಾಚಾರವೆಂದೇ ಭ್ರಮಿಸಿದರು. ಒಬ್ಬರು ಪರಂಪರೆಯನ್ನು ಕಾಯುತ್ತಿರುವೆನೆಂದರು, ಇನ್ನೊಬ್ಬನು ಸತ್ಯವನ್ನು ಹೇಳುತ್ತಿರುವೆನೆಂದನು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳೆಂಬ ಅಂತಃಕರಣಚತುಷ್ಟಯದಲ್ಲಿ ಕಡೆಯದಾದ ಅಹಂಕಾರವು, ಹೊರಗಿನ ಕರಣವನ್ನು ನೆಪಮಾಡಿಕೊಂಡು ಒಳಗೆ ಕುಣಿಯುತ್ತಿದ್ದಿತು. ಹೊರಗಣ ಕುರುಹನ್ನು ಹಿಡಿದು ಒಳಗಣ ಅರಿವನ್ನು ಮರೆಯಬಾರದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿರುವುದು ಇದಕ್ಕಾಗಿಯೇ.

ಹಾಗಾದರೆ ಈ ಯಂತ್ರಲೋಕದಲ್ಲಿ ಗಣಾಚಾರಕ್ಕೆ ಎಡೆಯೇ ಇಲ್ಲವೋ ಎಂದು ಕೇಳಬಹುದು. ಧಾರಾಳವಾಗಿ ಉಂಟು. ನುಡಿಯೊಂದು ನಡೆಯೊಂದಾಗಿರುವ ಕಡೆಯಲ್ಲಿ ಅದರ ಸ್ಥಾನ. ಉಚಿತವೆಂದು ಕರೆದು, ತಿಂಗಳು ಕಳೆದ ಮೇಲೆ ಹಣವನ್ನು ಎಳೆಯುವುದು. ಸೇರುವ ಬಾಗಿಲನ್ನು ಅಗಲವಾಗಿಟ್ಟು ಹೊರಬರುವ ಬಾಗಿಲನ್ನು ಮರೆಮಾಡುವುದು. ಬೇಡವೆನ್ನುವವನನ್ನು ನಾಚಿಸುವ ಮಾತಿನಿಂದ ಒಪ್ಪಿಸುವುದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು. ಇವು ರೂಢಿಯ ಭೇದಗಳಲ್ಲ, ವಂಚನೆಗಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂಥ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ, ಅವು ಸಲ್ಲವೆಂದು ನಿರ್ದೇಶಸೂತ್ರಗಳನ್ನು ಹೊರಡಿಸಿದೆ. ವಂಚನೆಗೊಳಗಾದವನು ಸುಮ್ಮನಿರದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಾದ 1915ಕ್ಕೆ ದೂರು ಕೊಡಬಹುದು. ಪಕ್ಕದ ಮನೆಯವನ ಮೊಬೈಲು ಯಾವ ಜಾತಿಯದೆಂದು ಹೀಗಳೆಯುವ ನಾಲಗೆಯು, ಇಂಥ ಕಡೆ ಮೂಕವಾಗುವುದೇಕೆ?

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಬಲ್ಲಿರಿ. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ಮಹಾತಾಯಿಯು ಅದನ್ನು ಒಪ್ಪದೆ, ಹೆಚ್ಚಿನದನ್ನು ಹಿಂದಕ್ಕೆ ಸಲ್ಲಿಸುವಂತೆ ಮಾಡಿದಳು. ಬಿದ್ದಿದ್ದ ಅಕ್ಕಿಯಾದರೂ ಅಗತ್ಯವನ್ನು ಮೀರಿದರೆ ಅದು ಆಸೆಯೆನಿಸಿತು. ಈಗಿನ ಕೆಲವು ತಂತ್ರಾಂಶಗಳಾದರೋ, ಕತ್ತಲಲ್ಲಿ ದೀಪ ತೋರಿಸುವಷ್ಟೇ ಕೆಲಸಕ್ಕೆ ನಮ್ಮ ಬಂಧುಮಿತ್ರರ ದೂರವಾಣಿ ಸಂಖ್ಯೆಗಳನ್ನೂ ನಾವಿರುವ ಸ್ಥಳವನ್ನೂ ಕೇಳುತ್ತವೆ. ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಸಮ್ಮತಿಯು ಸೀಮಿತವಾಗಿರಬೇಕೆಂಬ ತತ್ತ್ವವನ್ನು ನಮ್ಮ ದೇಶದ 2023ರ ವೈಯಕ್ತಿಕ ಮಾಹಿತಿ ಸಂರಕ್ಷಣೆಯ ಕಾಯಿದೆಯು ಅಂಗೀಕರಿಸಿದೆ. ಲಕ್ಕಮ್ಮನವರ ಒರೆಗಲ್ಲಿನಲ್ಲಿ ಉಜ್ಜಿ ನೋಡಿ ಅನುಮತಿ ಕೊಡುವುದು ಗೃಹಸ್ಥನ ಸದಾಚಾರಕ್ಕೆ ಸೇರಿದ್ದು.

ಅನ್ಯರನ್ನು ತಿದ್ದಹೊರಟವನು ಮೊದಲು ತನ್ನ ತನುಮನಗಳನ್ನು ನೋಡಿಕೊಳ್ಳಬೇಕೆಂಬುದು ಬಸವಣ್ಣನವರ ಬೋಧೆಯ ಸಾರ. ಬೇಡದ ಜಾಹೀರಾತು ಬಂದಿತೆಂದು ಸಿಡುಕುವ ನಾವು, ಬೆಳಗಾಗುವ ಮೊದಲೇ ನೂರು ಜನರಿಗೆ ಬೇಡದ ಚಿತ್ರಗಳನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸುವುದಿಲ್ಲವೇ? ನಿಜವೋ ಸುಳ್ಳೋ ನೋಡದೆ, ಬಂದ ಸಂದೇಶವನ್ನು ಮುಂದಕ್ಕೆ ತಳ್ಳುವುದಿಲ್ಲವೇ? ಹಣ ಕಳುಹಿಸುವುದನ್ನು ಕಲಿಸಿಕೊಡೆಂದು ಮನೆಯ ಹಿರಿಯ ತಾಯಿ ಕೇಳಿದರೆ, “ಎಷ್ಟು ಸಲ ಹೇಳಬೇಕಮ್ಮಾ” ಎಂದು ಮಗನು ಗದರುವನು. ಆ ತಾಯಿಯೇ ಅವನಿಗೆ ಒಂದೊಂದು ಅಕ್ಷರವನ್ನು ಎಷ್ಟು ಸಲ ತಿದ್ದಿಸಿರಬೇಡ! ತಿಳಿಯದವರಿಗೆ ತಾಳ್ಮೆಯಿಂದ ತಿಳಿಸುವುದು ಜ್ಞಾನದಾಸೋಹ. ತಿಳಿದವನ ಗರ್ವವು ಬಡಿಸುವ ಕೈಯಿಂದ ಬಿದ್ದ ಕಲ್ಲಿನಂತೆ, ಅನ್ನವನ್ನೆಲ್ಲ ಕೆಡಿಸುತ್ತದೆ.

ಇನ್ನು ನಮ್ಮ ಮಠದ ಕಥೆಯ ಶೇಷವನ್ನು ಹೇಳಿ ಮುಗಿಸುವೆನು. ಈಗಿನ ಶ್ರೀಗಳವರು ಇಬ್ಬರನ್ನೂ ಕರೆಯಿಸಿ, ಯಾರ ತಪ್ಪೆಂದು ವಿಚಾರಿಸದೆ, “ನಾಳೆ ಪೂಜೆಯಾದ ಮೇಲೆ ಇಬ್ಬರೂ ಒಂದೇ ಹಲಗೆಯ ಮೇಲೆ ಕುಳಿತು ಒಂದು ಪುಟವನ್ನು ಓದಿ ತನ್ನಿರಿ” ಎಂದು ಮಾತ್ರ ಅಪ್ಪಣೆ ಕೊಡಿಸಿದರು. ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ತಂತ್ರಾಂಶವನ್ನು ತರುಣನು ತಂದನು. ಪುಟವು ಕನ್ನಡವಾಯಿತು, ಆದರೆ ಅಲ್ಲಲ್ಲಿ ತಪ್ಪುಗಳಿದ್ದುವು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತನ್ನು ಕಾಣುವಂತೆಯೇ ಅಕ್ಷರದ ನಂತರ ಇರಿಸುತ್ತಿದ್ದರು; ಯೂನಿಕೋಡಿನಲ್ಲಿ ಉಚ್ಚರಿಸುವಂತೆಯೇ ರಕಾರವು ಮೊದಲು ಬರಬೇಕು. ಆದಕಾರಣ ‘ಧರ್ಮ’ ಎಂಬ ಶಬ್ದವೇ ಕೆಲವೆಡೆ ಕೆಟ್ಟು ನಿಂತಿದ್ದಿತು. ಏಕೆ ಕೆಟ್ಟಿತೆಂಬುದನ್ನು ತರುಣನು ಬಲ್ಲನು; ಅಲ್ಲಿ ಏನಿರಬೇಕೆಂಬುದನ್ನು ಹಿರಿಯರು ಬಲ್ಲರು, ಏಕೆಂದರೆ ಶ್ರೀಗಳವರ ಧ್ವನಿಯನ್ನು ಕಿವಿಯಾರೆ ಕೇಳಿದವರು ಅವರು. ಒಬ್ಬರಿಲ್ಲದೆ ಇನ್ನೊಬ್ಬರಿಂದ ಆಗದ ಕೆಲಸವದು. ಮೂರನೆಯ ದಿನ ತರುಣನು ಅವರ ಪಾದ ಮುಟ್ಟಿದನು. ಅವರು, “ಏಳಪ್ಪಾ, ಇದು ಯಾವ ಅಕ್ಷರ ನೋಡು, ನನ್ನ ಕಣ್ಣಿಗೆ ಕಾಣದು” ಎಂದರು. ಅಲ್ಲಿಗೆ ಜಗಳ ಮುಗಿಯಿತು.

ಕೆಲಸವು ಬಹುಮಟ್ಟಿಗೆ ಪೂರ್ಣವಾಗಿದೆ. ಆದರೆ ಹಲವು ಎಡೆಗಳನ್ನು ಖಾಲಿ ಬಿಡಬೇಕಾಯಿತು. ಅಲ್ಲಿ ಶ್ರೀಗಳವರು ಏನೆಂದಿದ್ದರೆಂಬುದು ಈಗ ಹಿರಿಯರಿಗೆ ನೆನಪಾಗದು. “ಹೋದ ವರ್ಷ ಕೇಳಿದ್ದರೆ ಹೇಳುತ್ತಿದ್ದೆನೇನೋ” ಎಂದು ಅವರು ಒಂದು ದಿನ ಮೆಲ್ಲನೆ ಅಂದರು. ಅದನ್ನು ಕೇಳಿ ಈ ಲೇಖಕನಿಗೆ ತಲೆಯೆತ್ತಲಾಗಲಿಲ್ಲ.

ಕಲ್ಯಾಣದಲ್ಲಿ ಶಾಂತರಸನು ವಚನಭಂಡಾರಿಯಾಗಿ ಶರಣರ ನುಡಿಗಳನ್ನು ಕಾದನು. ಹೆಸರರಿಯದ ಅದೆಷ್ಟೋ ಲಿಪಿಕಾರರು ಅವನ್ನು ಓಲೆಗಳ ಮೇಲೆ ಪ್ರತಿಮಾಡಿದರು. ಒಬ್ಬೊಬ್ಬನ ಕೈಬರಹ ಬೇರೆ; ಎಲ್ಲರ ಅಕ್ಷರಮಾಲೆ ಒಂದೇ. ಫ. ಗು. ಹಳಕಟ್ಟಿಯವರು ಆ ಓಲೆಗಳನ್ನು ಅರಸಿ ತಂದು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಮಾಡಿಸಿದರು. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ ಶರಣವಾಣಿಯು ಸಾಗಿ ಬಂದಿದೆ. ಇದನ್ನು ಮುಂದಿನವರ ಕೈಗೆ ದಾಟಿಸುವ ಕಾಯಕವು ನಮ್ಮದು. ನಿಮ್ಮ ಮನೆಗಳಲ್ಲಿಯೂ ಹಿರಿಯರ ಬರಹಗಳು ಹಳೆಯ ಯಂತ್ರಗಳಲ್ಲಿ ಮಲಗಿದ್ದರೆ, ಅವನ್ನು ಬಲ್ಲ ಹಿರಿಯರು ಇರುವಾಗಲೇ ಎಚ್ಚರಿಸಿರಿ. ಯಾವ ತಂತ್ರಾಂಶವೆಂಬ ವಾದವನ್ನು ಆಮೇಲೆ ಆಡಬಹುದು.

ರೂಢಿಯಲ್ಲಿ ತಾಳ್ಮೆಯನ್ನೂ, ಒಪ್ಪಂದದಲ್ಲಿ ವಿನಯವನ್ನೂ, ವಂಚನೆಯ ಮುಂದೆ ಧೈರ್ಯವನ್ನೂ ಗುರುಬಸವೇಶನು ನಮ್ಮೆಲ್ಲರಿಗೂ ಕರುಣಿಸಲಿ.

ಶುಭಮಸ್ತು.