ಹಕ್ಕು ಮತ್ತು ಕಣ್ಣೀರು

ನ್ಯಾಯವಾಗಿ ತನಗೆ ಸಲ್ಲಬೇಕಾದುದನ್ನು ಕೇಳಿ ಪಡೆಯುವುದರಲ್ಲಿ ದೋಷವಿಲ್ಲವೆಂಬುದು ಲೋಕದ ನಂಬಿಕೆ. ಆದರೆ ಹಾಗೆ ಕೇಳುವುದು ಹೊಲವಲ್ಲದೆ, ಹಣವಲ್ಲದೆ, ಒಂದು ಜೀವವೇ ಆಗಿದ್ದರೆ? ಬೈಬಲಿನ ಸಮುವೇಲನ ಗ್ರಂಥಗಳಲ್ಲಿ ಬರುವ ಮೀಕಲಳ ವೃತ್ತಾಂತವು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಕಥೆಯ ಕಾಲ ಕ್ರಿ.ಪೂ. ಸುಮಾರು 1000. ಇಸ್ರಾಯೇಲರ ಅರಸನಾದ ಸೌಲನ ಕಿರಿಯ ಮಗಳು ಮೀಕಲ್ ತರುಣ ವೀರ ದಾವೀದನನ್ನು ಪ್ರೀತಿಸಿದಳು. ಸೌಲನು ಮಗಳಿಗೆ ತೆರವಾಗಿ ಕೇಳಿದ್ದು 100 ಮಂದಿ ಶತ್ರುಗಳ ವಧೆಯನ್ನು. ದಾವೀದನು ಅದನ್ನು ತೆತ್ತು ಅವಳನ್ನು ವರಿಸಿದನು. ಮುಂದೆ ಸೌಲನು ಮತ್ಸರದಿಂದ ಅಳಿಯನನ್ನೇ ಕೊಲ್ಲಹೊರಟಾಗ, ಮೀಕಲ್ ರಾತ್ರಿ ಕಿಟಕಿಯಿಂದ ಗಂಡನನ್ನು ಇಳಿಸಿ ಉಳಿಸಿದಳು. ದಾವೀದನು ಅಡವಿಗಳಲ್ಲಿ ಅಲೆದನು. ಶತ್ರುಗಳಾದ ಫಿಲಿಷ್ಟಿಯರ ನಾಡಿನಲ್ಲಿಯೂ ಆಶ್ರಯ ಪಡೆದನು. ಆ ವನವಾಸದಲ್ಲಿ ಅವನು ಬೇರೆ ಹೆಂಡಿರನ್ನು ಮಾಡಿಕೊಂಡನು. ಇತ್ತ ಸೌಲನು ಮೀಕಲಳನ್ನು ಪಲ್ಟೀಯೇಲನೆಂಬವನಿಗೆ ಕೊಟ್ಟನು.

ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಸೌಲನು ಮಡಿದ ಮೇಲೆ ಎರಡು ಮನೆತನಗಳ ನಡುವೆ ಕಲಹ ನಡೆಯಿತು. ಸೌಲನ ಸೇನಾಪತಿ ಅಬ್ನೇರನು ಸಂಧಿಗೆ ಬಂದಾಗ, ಹೆಬ್ರೋನಿನಲ್ಲಿ ಆಳುತ್ತಿದ್ದ ದಾವೀದನು ಒಂದೇ ಷರತ್ತನ್ನು ಹಾಕಿದನು: ತಾನು ತೆರ ತೆತ್ತ ಮೀಕಲಳು ತನಗೆ ಮರಳಬೇಕು. ಅವಳ ಸಹೋದರನೇ ಆಳುಗಳನ್ನು ಕಳುಹಿಸಿ ಅವಳನ್ನು ಕರೆತರಿಸಿದನು. ಪಲ್ಟೀಯೇಲನು ಅಳುತ್ತಾ ಬಹುರೀಮಿನವರೆಗೆ ಅವಳ ಹಿಂದೆಯೇ ನಡೆದು ಬಂದನು. ಹಿಂದಿರುಗೆಂದು ಅಬ್ನೇರನು ಆಜ್ಞಾಪಿಸಿದನು, ಅವನು ಹಿಂದಿರುಗಿದನು.

ಇಂಥ ಪ್ರಸಂಗಗಳು ಅಂದು ಅಪರೂಪವಾಗಿರಲಿಲ್ಲ. ಇದಕ್ಕೆ ಏಳು ಶತಮಾನಗಳಿಗೂ ಹಿಂದಿನ ಬಾಬಿಲೋನಿನ ಹಮ್ಮುರಾಬಿಯ ಶಾಸನವು ಇವನ್ನು ವಿಚಾರಿಸಿದೆ. ಸೆರೆಹೋದ ಗಂಡನು ಮರಳಿದರೆ, ಬದುಕಲು ಗತಿಯಿಲ್ಲದೆ ಮತ್ತೊಬ್ಬನ ಮನೆ ಸೇರಿದ್ದ ಹೆಂಡತಿ ಅವನಲ್ಲಿಗೆ ಮರಳತಕ್ಕದ್ದು. ಊರನ್ನು ತೊರೆದು ಓಡಿಹೋದವನಾದರೆ ಮರಳಬೇಕಿಲ್ಲ. ಶಾಸನವು ಗಂಡನ ನಡತೆಯನ್ನು ತೂಗಿತು. ಹೆಂಡತಿಯ ಮನಸ್ಸನ್ನು ಕೇಳಲಿಲ್ಲ.

ದಾವೀದನ ಪಕ್ಷದಲ್ಲಿ ನ್ಯಾಯವಿಲ್ಲವೆನ್ನಲಾಗದು. ಅವನು ಹೆಂಡತಿಯನ್ನು ಬಿಟ್ಟವನಲ್ಲ, ಪ್ರಾಣಭಯದಿಂದ ದೂರವಾದವನು. ಆದರೆ ಸೌಲನ ಮಗಳು ತನ್ನ ಮನೆಯಲ್ಲಿದ್ದರೆ ಸೌಲನ ಸಿಂಹಾಸನಕ್ಕೂ ತನ್ನ ಹಕ್ಕು ಬಲಗೊಳ್ಳುವುದೆಂಬುದು ಅವನಿಗೆ ತಿಳಿಯದ ಸಂಗತಿಯೇ? ಪಲ್ಟೀಯೇಲನೂ ಕಳ್ಳನಲ್ಲ, ಅರಸನು ಕೊಟ್ಟುದನ್ನು ಸ್ವೀಕರಿಸಿದವನು. ತಪ್ಪು ಮಾಡಿದ ಸೌಲನು ಆಗಲೇ ಮಣ್ಣಾಗಿದ್ದನು. ದಂಡ ತೆತ್ತವರು ಉಳಿದವರು.

ಮೀಕಲ್ ಪ್ರೀತಿಸಿದಳೆಂದು ಗ್ರಂಥವು ಮೊದಲು ಹೇಳುತ್ತದೆ. ಕೊನೆಯಲ್ಲಿ, ಮಂಜೂಷದ ಮುಂದೆ ಕುಣಿಯುವ ದಾವೀದನನ್ನು ಕಿಟಕಿಯಿಂದ ಕಂಡು ಮನದಲ್ಲೇ ತಿರಸ್ಕರಿಸಿದಳೆಂದು ಹೇಳುತ್ತದೆ. ಮರಳಿ ಬಂದ ದಾರಿಯಲ್ಲಿ ಅವಳದು ಒಂದು ಮಾತೂ ಇಲ್ಲ. ಹಿಂದೆ ಗಂಡನ ಪ್ರಾಣ ಉಳಿಸಿದವಳೂ ಕಿಟಕಿಯ ಬಳಿ ನಿಂತ ಇದೇ ಮೀಕಲ್.

ಬಾಕಿಯೇನೋ ವಸೂಲಾಯಿತು, ಪ್ರೀತಿ ಮರಳಲಿಲ್ಲ. ಹಕ್ಕು ನಮ್ಮದೆಂದು ನಿಶ್ಚಯವಾದ ಮೇಲೂ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ: ಇದನ್ನು ಪಡೆಯುವಾಗ ಯಾರು ಅಳುತ್ತಾ ಹಿಂದೆ ಬರುವರು? ಆ ಕಡೆಗೆ ಒಮ್ಮೆ ತಿರುಗಿ ನೋಡದವನ ನ್ಯಾಯವು ಹಿಂಸೆಯಿಂದ ಬಹುದೂರ ಇರಲಾರದು.