ಕಾಗದರಹಿತ ವ್ಯಾಪಾರ ಮತ್ತು ಶ್ರಾವಕಧರ್ಮ

ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಗಳನ್ನು ಪೂಜಿಸಿ ವ್ಯವಹಾರವನ್ನು ಆರಂಭಿಸುವುದು ವರ್ತಕ ಕುಟುಂಬಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಯಾದಗಿರಿ, ಶಹಾಪುರ, ಸುರಪುರಗಳ ಅಡತಿ ಅಂಗಡಿಗಳಲ್ಲಿಯೂ ಕಿರ್ದಿ, ಖತಾವಣಿಗಳ ಸ್ಥಾನಕ್ಕೆ ಇಂದು ಗಣಕಯಂತ್ರವೂ ಮೊಬೈಲೂ ಬರುತ್ತಿವೆ. ಕಾಗದ ಉಳಿದರೆ ಮರ ಉಳಿಯಿತು, ಮರ ಉಳಿದರೆ ಅಹಿಂಸೆಯನ್ನು ಪಾಲಿಸಿದಂತಾಯಿತು ಎಂದು ಈ ಬದಲಾವಣೆಯನ್ನು ಕೆಲವರು ಸಮರ್ಥಿಸುವುದುಂಟು. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾಗಿದೆ.

ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 1930ರ ದಶಕದಲ್ಲಿಯೂ, ಕಾಳಿ ನದಿಯ ದಂಡೆಯ ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆ 1950ರ ದಶಕದಲ್ಲಿಯೂ ಸ್ಥಾಪನೆಗೊಂಡವು. ಭದ್ರಾವತಿಯಲ್ಲಿ ಉತ್ಪಾದನೆ ನಿಂತಿದೆ; ದಾಂಡೇಲಿಯಲ್ಲಿ ಮುಂದುವರಿದಿದೆ. ಬಿದಿರನ್ನಾಗಲಿ ಮರವನ್ನಾಗಲಿ ಕತ್ತರಿಸಿ, ರಾಸಾಯನಿಕಗಳೊಡನೆ ಬೇಯಿಸಿ, ತೊಳೆದು, ಬಿಳುಪುಗೊಳಿಸಿದ ಮೇಲೆಯೇ ಹಾಳೆ ಸಿದ್ಧವಾಗುತ್ತದೆ. ಇದರಲ್ಲಿ ವನಸ್ಪತಿ, ಜಲ, ಅಗ್ನಿಗಳ ಸ್ಥಾವರಜೀವಗಳಿಗೆ ಹಿಂಸೆ ತಪ್ಪದು. ಗೃಹಸ್ಥನು ಸ್ಥಾವರಹಿಂಸೆಯಿಂದ ಪೂರ್ಣವಾಗಿ ಪಾರಾಗಲಾರನಾದರೂ ನಿಷ್ಪ್ರಯೋಜಕವಾದ ಹಿಂಸೆಯನ್ನು ಅನರ್ಥದಂಡವೆಂದು ತ್ಯಜಿಸಬೇಕು. ಗಣಕಯಂತ್ರವು ಈ ವ್ಯರ್ಥವನ್ನು ಕಡಿಮೆ ಮಾಡಬಲ್ಲದು. ಆಧುನಿಕ ಕಾರ್ಖಾನೆಯಲ್ಲಿ ಹಾಳೆಯ ತೂಕ ಹಾಗೂ ತೇವಾಂಶಗಳನ್ನು ಅದು ಓಡುತ್ತಿರುವಾಗಲೇ ಅಳೆದು ಸರಿಪಡಿಸುವುದರಿಂದ ಕೆಟ್ಟ ಹಾಳೆಯ ಪ್ರಮಾಣ ಇಳಿಯುತ್ತದೆ. ಕಾಗದದ ಸರಕು ಕಾರ್ಖಾನೆಯಿಂದ ಹೊರಟು ವರ್ತಕನ ಮಳಿಗೆ ಸೇರುವವರೆಗಿನ ಲೆಕ್ಕವೂ ಯಂತ್ರದಲ್ಲಿಯೇ ನಡೆಯುತ್ತದೆ. 2018ರಿಂದ ಸಾಗಣೆಗೆ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಪರಸ್ಪರ ವ್ಯಾಪಾರಕ್ಕೆ ಇ-ಇನ್‌ವಾಯ್ಸ್ ಮಾಡಬೇಕಾಯಿತು.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಮೊಬೈಲಿನಲ್ಲಿ ಕೊಂಡ ವಸ್ತು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತದೆ. ಬರವಣಿಗೆಯಲ್ಲಿ ಉಳಿದ ಕಾಗದ ಕಟ್ಟುವುದರಲ್ಲಿ ಖರ್ಚಾಗುತ್ತದೆ. ಯಂತ್ರ ನಡೆಯಲು ವಿದ್ಯುತ್ ಬೇಕು. ನೆರೆಯ ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ ಅದಕ್ಕಾಗಿ ಕಲ್ಲಿದ್ದಲು ಸುಡುತ್ತಾರೆ. ಆದ್ದರಿಂದ ಸಾಧನ ಬದಲಾದ ಮಾತ್ರಕ್ಕೆ ಹಿಂಸೆ ನಿಂತಿತೆಂದು ಭಾವಿಸುವುದು ಅವಸರದ ನಿರ್ಣಯವಾದೀತು.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಕಾಗದವು ಕೇವಲ ಮರದ ತಿರುಳಲ್ಲ, ಅದು ಸಾಕ್ಷಿ. ಹತ್ತಿ, ತೊಗರಿ, ಭತ್ತಗಳನ್ನು ಮಾರಿದ ರೈತನ ಕೈಯಲ್ಲಿ ಉಳಿಯುವುದು ತೂಕದ ಚೀಟಿ ಮತ್ತು ಪಟ್ಟಿ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 52. ರಾಜ್ಯದ ಜಿಲ್ಲೆಗಳಲ್ಲೆಲ್ಲ ಅದೇ ಅತ್ಯಂತ ಕಡಿಮೆ. ಓದಲು ಬಾರದವನೂ ಚೀಟಿಯನ್ನು ಮನೆಗೆ ಒಯ್ದು ಶಾಲೆಗೆ ಹೋಗುವ ಮಗಳಿಂದ ಓದಿಸಿಕೊಳ್ಳಬಲ್ಲನು. ಅಂಗಡಿಯ ಪರದೆಯ ಮೇಲಿನ ಅಂಕೆಯನ್ನು ಅವನು ಒಯ್ಯಲಾರನು.

ಹಾಗೆಂದು ಹಳೆಯ ಕೈಬರಹವೆಲ್ಲ ಪವಿತ್ರವೆಂದೂ ಹೇಳಲಾಗದು. ಪಹಣಿ ಕೈಬರಹದಲ್ಲಿದ್ದ ಕಾಲದಲ್ಲಿ ಅದನ್ನು ತಿದ್ದುವ ಅವಕಾಶವಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತಗೊಂಡು, ಕೈಬರಹದ ಪಹಣಿಯ ಮಾನ್ಯತೆ ರದ್ದಾದುದರಿಂದ ಆ ಅವಕಾಶ ಕುಗ್ಗಿತು. ಆದರೆ ಆಗಲೂ ಕಾಗದ ಮಾಯವಾಗಲಿಲ್ಲ. 15 ರೂಪಾಯಿಗೆ ಮುದ್ರಿತ ಪ್ರತಿ ರೈತನ ಕೈಗೆ ಬಂದಿತು. ಯಂತ್ರ ಲೆಕ್ಕವನ್ನು ಕಾಯಿತು, ಕಾಗದ ಅದನ್ನು ಒಡೆಯನಿಗೆ ಮುಟ್ಟಿಸಿತು. ಎರಡೂ ಸೇರಿದಾಗಲೇ ನ್ಯಾಯ ಪೂರ್ಣವಾಯಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಿವೆ. ಅವುಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವನ್ನು ಸೃಷ್ಟಿಸುವುದು, ಎಲ್ಲರಿಗೂ ಪರಿಚಿತ. ಬರೆದದ್ದು ಓಲೆಯ ಮೇಲೋ ಪರದೆಯ ಮೇಲೋ ಎಂಬ ಭೇದ ಅದಕ್ಕಿಲ್ಲ. ಮತ್ತೊಂದು ನ್ಯಾಸಾಪಹಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ. ಠೇವಣಿ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ಅಷ್ಟೇ ಸರಿ ಎಂದು ಒಪ್ಪಿ ಕೊಟ್ಟುಬಿಡುವುದೇ ಈ ದೋಷ. ಇಲ್ಲಿ ಸುಳ್ಳನ್ನು ಬರೆದವರಿಲ್ಲ, ಕಸಿದುಕೊಂಡವರೂ ಇಲ್ಲ. ಮರೆತವನ ಮರೆವಿನಿಂದ ಲಾಭ ಪಡೆದದ್ದು ಮಾತ್ರ ಉಂಟು.

ಇಂದಿನ ವ್ಯವಹಾರಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ. ರೈತನು ಮಾರಿದ ಹಣದಲ್ಲಿ ಒಂದು ಭಾಗವನ್ನು ಅಂಗಡಿಯಲ್ಲಿಯೇ ಬಿಟ್ಟು, ಬಿತ್ತನೆಗೋ ಮದುವೆಗೋ ಬೇಕಾದಾಗ ಕೇಳುವುದುಂಟು. ಚೀಟಿಯಿಲ್ಲದಿದ್ದರೆ ಅವನು ನೆನಪಿನ ಬಲದಿಂದಲೇ ಕೇಳಬೇಕು. ಅವನು ಮರೆಯಬಹುದು, ಯಂತ್ರ ಮರೆಯುವುದಿಲ್ಲ. ಹಿಂದೆ ಇಬ್ಬರೂ ಮರೆಯಬಹುದಾಗಿದ್ದಾಗ ವರ್ತಕನಿಗಿದ್ದ ನೆಪ ಈಗ ಉಳಿದಿಲ್ಲ. ಗುಂಡಿ ಒತ್ತಿದೊಡನೆ ಪೂರ್ಣ ಬಾಕಿ ಕಾಣುವಾಗ ಕೇಳಿದಷ್ಟನ್ನೇ ಕೊಟ್ಟು ಸುಮ್ಮನಿರುವುದು ತಿಳಿದೂ ಮಾಡಿದ ದೋಷ. ಸ್ಮರಣಶಕ್ತಿ ಹೆಚ್ಚಾದವನ ಮೇಲೆ ಸ್ಮರಣೆ ಮಾಡಿಕೊಡುವ ಹೊಣೆಯೂ ಹೆಚ್ಚುತ್ತದೆ.

ಪ್ರತಿ ವ್ಯವಹಾರಕ್ಕೂ ಚೀಟಿ ಕೊಟ್ಟರೆ ಕಾಗದ ವೆಚ್ಚವಾಗದೆ ಎಂಬ ಆಕ್ಷೇಪಕ್ಕೆ ಯಾದಗಿರಿಗೆ ದೂರವಲ್ಲದ ಮಳಖೇಡದ ಪರಂಪರೆಯೇ ಉತ್ತರಿಸುತ್ತದೆ. ರಾಷ್ಟ್ರಕೂಟರ ಆ ರಾಜಧಾನಿಯ ಆಸ್ಥಾನಕವಿ ಪೊನ್ನನ ಶಾಂತಿಪುರಾಣವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ತಾಳೆಗರಿಯೂ ಮರದ್ದೇ. ಆದರೂ ಪರಂಪರೆ ಅದನ್ನು ಶಾಸ್ತ್ರದಾನವೆಂದು ಕೊಂಡಾಡಿತು. ಏಕೆಂದರೆ ಬರಹ ತಲುಪಬೇಕಾದವರನ್ನು ತಲುಪಿತು. ವ್ಯರ್ಥವಾದ ಒಂದು ಹಾಳೆಯೂ ಹೆಚ್ಚು. ಒಬ್ಬನ ಹಕ್ಕನ್ನು ಕಾಯುವ ಒಂದು ಚೀಟಿ ಹೆಚ್ಚಲ್ಲ.

ಆಚರಣೆ ಕಷ್ಟವಾದುದೇನೂ ಅಲ್ಲ. ಮೊಬೈಲಿನ ಸಂದೇಶ ಓದಬಲ್ಲವರಿಗೆ ಸಂದೇಶ ಸಾಕು. ಓದಲಾರದವರಿಗೆ ಕನ್ನಡದಲ್ಲಿ ಮುದ್ರಿಸಿದ ಚಿಕ್ಕ ಚೀಟಿ ಸಲ್ಲಬೇಕು. ವರ್ಷಕ್ಕೊಮ್ಮೆ ಬಾಕಿಯನ್ನು ಓದಿ ಹೇಳಬೇಕು. ಬಸದಿಯ ಟ್ರಸ್ಟುಗಳಿಗೂ ಇದೇ ನಿಯಮ. ದಾನಿಗೆ ರಸೀದಿ ಸಲ್ಲಲಿ, ನಿಧಿಯ ಲೆಕ್ಕ ಎಲ್ಲರೂ ಕಾಣುವ ಹಲಗೆಯ ಮೇಲೆ ಬರಲಿ, ನಿತ್ಯ ಪತ್ರವ್ಯವಹಾರ ಯಂತ್ರದಲ್ಲಿ ನಡೆಯಲಿ. ಲೆಕ್ಕವನ್ನು ಯಂತ್ರ ಇಡಬಹುದು. ಅದನ್ನು ಒಡೆಯನಿಗೆ ಕೇಳದೆಯೇ ಒಪ್ಪಿಸುವ ಕೆಲಸ ಶ್ರಾವಕನದೇ ಆಗಿದೆ.