ವ್ಯಾಯಾಮ: ಕರ್ತವ್ಯವೋ, ಕುಣಿತವೋ?

ನಮ್ಮ ನಗರಗಳ ಬಡಾವಣೆಗಳಲ್ಲಿ ಇಂದು ಮಹಿಳೆಯರ ಮುಂದೆ ಎರಡು ಬಾಗಿಲುಗಳು ತೆರೆದಿವೆ. ಒಂದು ಸರ್ಕ್ಯೂಟ್ ತರಬೇತಿಯ ಜಿಮ್. ಅಲ್ಲಿ ಒಂದು ವ್ಯಾಯಾಮ ಮುಗಿಸಿ, ಹೆಚ್ಚು ವಿರಾಮವಿಲ್ಲದೆ ಮುಂದಿನದಕ್ಕೆ ಹೋಗುತ್ತಾ ಸುತ್ತು ಪೂರೈಸಬೇಕು. ಇನ್ನೊಂದು ಸಂಗೀತಕ್ಕೆ ಹೆಜ್ಜೆ ಹಾಕಿ ಬೆವರು ಹರಿಸುವ ನೃತ್ಯದ ತರಗತಿ. ಯಾವುದಕ್ಕೆ ಸೇರಬೇಕೆಂದು ಯಾರಾದರೂ ಕೇಳಿದರೆ ನಾವು ಶುಲ್ಕದ ಲೆಕ್ಕ ಹಾಕುತ್ತೇವೆ, ಇಳಿಯಬಹುದಾದ ತೂಕದ ಲೆಕ್ಕ ಹಾಕುತ್ತೇವೆ. ಆದರೆ ಈ ಆಯ್ಕೆಯೊಳಗೆ ಹಳೆಯ ಪ್ರಶ್ನೆಯೊಂದು ಅಡಗಿದೆ. ಮಾಡಬೇಕಾದದ್ದನ್ನು ಬೇಸರದಿಂದಲಾದರೂ ಮಾಡುವವರು ಮೇಲೋ, ಸಂತೋಷದಿಂದ ಮಾಡುವವರು ಮೇಲೋ?

ಸರ್ಕ್ಯೂಟ್ ತರಬೇತಿ ರೂಪುಗೊಂಡದ್ದು 1953ರಲ್ಲಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ. ಮಾರ್ಗನ್ ಮತ್ತು ಆಡಮ್ಸನ್ ಎಂಬಿಬ್ಬರು ಅದನ್ನು ರೂಪಿಸಿದರು. 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆರಂಭವಾದ ‘ಕರ್ವ್ಸ್’ ಸಂಸ್ಥೆ ಇದನ್ನು ಮಹಿಳೆಯರಿಗಾಗಿಯೇ ಅರ್ಧ ಗಂಟೆಯ ಸುತ್ತಾಗಿ ಹೊಂದಿಸಿತು. ಇದು ಶಿಸ್ತಿನ ದಾರಿ. ನಿಮಗೆ ಖುಷಿಯಾಯಿತೇ ಎಂದು ಯಂತ್ರ ಕೇಳುವುದಿಲ್ಲ.

ನೃತ್ಯದ ದಾರಿ ಬೇರೆ. 1969ರಲ್ಲಿ ಅಮೆರಿಕದ ನೃತ್ಯ ಶಿಕ್ಷಕಿ ಜೂಡಿ ಶೆಪರ್ಡ್ ಮಿಸೆಟ್ ಅವರ ತರಗತಿಯಿಂದ ಮಹಿಳೆಯರು ಒಬ್ಬೊಬ್ಬರಾಗಿ ಬಿಟ್ಟುಹೋಗುತ್ತಿದ್ದರು. ಅವರಿಗೆ ನರ್ತಕಿಯರಾಗುವ ಆಸೆಯಿರಲಿಲ್ಲ. ಕುಣಿದು ಹಗುರಾದರೆ ಸಾಕಿತ್ತು. ಮಿಸೆಟ್ ಕಠಿಣ ಪಾಠ ಕೈಬಿಟ್ಟು ಸರಳ ಹೆಜ್ಜೆಗಳನ್ನು ಹೇಳಿಕೊಟ್ಟರು. ‘ಜಾಝರ್ಸೈಸ್’ ಹುಟ್ಟಿದ್ದು ಹಾಗೆ.

ಜರ್ಮನಿಯ ತತ್ವಜ್ಞಾನಿ ಕಾಂಟ್ ಮನಸ್ಸಿನ ಒಲವಿಲ್ಲದಿದ್ದರೂ ಕರ್ತವ್ಯವೆಂದು ಮಾಡಿದ ಕೆಲಸದಲ್ಲಿ ನಿಜವಾದ ನೈತಿಕ ಮೌಲ್ಯ ಕಂಡನು. ಗ್ರೀಸಿನ ಅರಿಸ್ಟಾಟಲ್ ಒಳ್ಳೆಯದನ್ನು ಮಾಡುವಾಗ ಸಂತೋಷಪಡದವನು ಇನ್ನೂ ಒಳ್ಳೆಯವನಾಗಿಲ್ಲ ಎಂದನು. ಮಳೆ ಹುಯ್ಯುವ ಆಷಾಢದ ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಕಾಂಟ್ ಬೇಕು. ಆದರೆ ಆರು ತಿಂಗಳಾದರೂ ಹೋಗುತ್ತಲೇ ಇರಬೇಕಾದರೆ ಅರಿಸ್ಟಾಟಲ್ ಬೇಕು. ಬರಿಯ ಶಿಕ್ಷೆಯಂತೆ ಅನುಭವಿಸುವುದನ್ನು ನಾವೆಷ್ಟು ದಿನ ಮಾಡಬಲ್ಲೆವು?

ಹಾಗೆಂದು ಸಂತೋಷವೊಂದನ್ನೇ ನಂಬುವಂತಿಲ್ಲ. ಅದು ತನಗೆ ಬೇಕಾದದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕು. ಅದರ ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಕುಣಿತ ಹೃದಯಕ್ಕೂ ಉಸಿರಿಗೂ ಒಳ್ಳೆಯದು. ಆದರೆ ವಯಸ್ಸಾದಂತೆ ಕರಗುವ ಸ್ನಾಯುಗಳಿಗೆ, ಸವೆಯುವ ಮೂಳೆಗಳಿಗೆ ಭಾರ ಎತ್ತುವ, ಭಾರದೆದುರು ಒತ್ತುವ ಕೆಲಸವೂ ಬೇಕು. ದೇಹ ನಮ್ಮಿಂದ ಎರಡನ್ನೂ ಕೇಳುತ್ತದೆ.

ಕುತೂಹಲದ ಸಂಗತಿಯೆಂದರೆ, ದಾರಿ ಬೇರೆಯಾದರೂ ಈ ಇಬ್ಬರೂ ಕನ್ನಡಿಯನ್ನು ದೂರವಿಟ್ಟರು. ಮಿಸೆಟ್ ತಮ್ಮ ವಿದ್ಯಾರ್ಥಿನಿಯರನ್ನು ಕನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ಕರ್ವ್ಸ್‌ನ ಕೋಣೆಗಳಲ್ಲಿ ಕನ್ನಡಿಯನ್ನೇ ಇಡಲಿಲ್ಲ. ಕನ್ನಡಿಯಲ್ಲಿ ನಮ್ಮ ಮುಖ ಮಾತ್ರ ಕಾಣುವುದಿಲ್ಲ. ನಮ್ಮನ್ನು ತೂಗಿ ನೋಡುವ ನೆಂಟರ, ನೆರೆಯವರ, ಜಾಹೀರಾತುಗಳ ಕಣ್ಣುಗಳೂ ಅಲ್ಲಿರುತ್ತವೆ. ಆ ಕಣ್ಣುಗಳಿಗಾಗಿ ಬೆವರಿದರೆ ಯಂತ್ರವೂ ದಾಸ್ಯ, ಕುಣಿತವೂ ದಾಸ್ಯ.

ಇನ್ನೊಂದು ಮಾತು. “ಮನೆಗೆಲಸ ಮಾಡುವವಳಿಗೆ ಬೇರೆ ವ್ಯಾಯಾಮ ಯಾಕೆ?” ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ಸುಮಾರು 57 ಶೇಕಡ ಮಹಿಳೆಯರಿಗೆ ಸಾಕಷ್ಟು ದೈಹಿಕ ಶ್ರಮವಿರಲಿಲ್ಲ. ಪುರುಷರಲ್ಲಿ ಈ ಪ್ರಮಾಣ 42 ಶೇಕಡ. ಮನೆಗೆಲಸವನ್ನೂ ಸೇರಿಸಿ ಹಾಕಿದ ಲೆಕ್ಕವಿದು. ಅಂದರೆ ಮನೆಗೆಲಸ ಅವಳನ್ನು ದಣಿಸುತ್ತದೆ, ಆದರೆ ಗಟ್ಟಿಗೊಳಿಸುತ್ತಿಲ್ಲ.

ಆದ್ದರಿಂದ ಹೊಸದಾಗಿ ಹೊರಡುವವರು ತಮ್ಮ ಕಾಲು ಯಾವ ಬಾಗಿಲಿನತ್ತ ತಾನಾಗಿ ನಡೆಯುತ್ತದೆಯೋ ಅಲ್ಲಿಗೇ ಹೋಗಲಿ. ಕುಣಿತ ಹಿಡಿದವರು ವಾರಕ್ಕೆರಡು ದಿನ ಭಾರವನ್ನೂ ಎತ್ತಲಿ. ಸುತ್ತು ಹಿಡಿದವರು ಅಭ್ಯಾಸದಿಂದ ಸಂತೋಷ ಹುಟ್ಟುವವರೆಗೆ ತಾಳಲಿ. ಮನೆಯವರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಅವಳು ಹೊರಡುವ ಆ ಅರ್ಧ ಗಂಟೆಯಲ್ಲಿ ಒಲೆಯ ಮುಂದೆ ನಿಲ್ಲುವವರು ಯಾರು?